ಯಾದಗಿರಿಯಲ್ಲಿ ಬಸ್ ಹತ್ತಿ, ಹೊಲದ ದಾರಿಯಲ್ಲಿ ಇಳಿದು: ಭೀಮೆಯ ಸೀಮೆಯ ಕಾಲ್ನಡಿಗೆಗೆ ಒಂದು ಮಾರ್ಗದರ್ಶಿ

"ನಡೆಯೋಕೆ ನಮ್ಮ ಕಡೆ ಏನಿದೆ? ಇದೇನು ಮಲೆನಾಡಾ?" ಯಾದಗಿರಿಯಲ್ಲಿ ಈ ಮಾತನ್ನು ನಾನು ತುಂಬ ಸಲ ಕೇಳಿದ್ದೇನೆ. ಮೊದಮೊದಲು ನನಗೂ ಹಾಗೇ ಅನಿಸಿತ್ತು. ನಡೆಯಬೇಕು ಅಂದರೆ ಕಾಡು ಬೇಕು, ಹಸಿರು ಬೆಟ್ಟ ಬೇಕು, ಕಾರು ಬೇಕು. ಆಮೇಲೆ ಒಂದು ಡಿಸೆಂಬರ್ ಬೆಳಿಗ್ಗೆ ಬಸ್ಸಿನಿಂದ ಹಳ್ಳಿಯೊಂದರ ಕ್ರಾಸ್‌ನಲ್ಲಿ ಇಳಿದೆ. ಎರಡೂ ಕಡೆ ಹಣ್ಣಾದ ತೊಗರಿ, ಕಾಲಡಿ ಎರೆ ಮಣ್ಣಿನ ಬಂಡಿದಾರಿ, ದೂರದಲ್ಲಿ ಭೀಮೆಯ ಮೇಲೆ ಇನ್ನೂ ಕರಗದ ಮಂಜು. ಅವತ್ತಿನಿಂದ ನಾನು ಆ ಪ್ರಶ್ನೆ ಕೇಳುವುದನ್ನು ಬಿಟ್ಟೆ.

ಯಾದಗಿರಿ ಸಣ್ಣ ಊರು. ಕಲಬುರಗಿ ಜಿಲ್ಲೆಯಿಂದ ಬೇರೆಯಾಗಿ 2010ರಲ್ಲಿ ಜಿಲ್ಲಾ ಕೇಂದ್ರವಾದರೂ ಊರಿನ ನಡೆ ಈಗಲೂ ನಿಧಾನ. ಪಕ್ಕದಲ್ಲಿ ಭೀಮೆ ಹರಿಯುತ್ತಾಳೆ. ಊರಲ್ಲಿ ಮುಂಬೈ–ಚೆನ್ನೈ ರೈಲು ದಾರಿಯ ಸ್ಟೇಷನ್ ಇದೆ, ಸುತ್ತಲಿನ ಹಳ್ಳಿಗಳಿಗೆ ಕೆಂಪು ಬಸ್ಸುಗಳಿವೆ. ನಡೆಯುವವರಿಗೆ ಇಷ್ಟು ಸಾಕು. ಸ್ವಂತ ಗಾಡಿ ಇಲ್ಲದೆ ಇರುವುದೇ ಇಲ್ಲಿ ಅನುಕೂಲ ಅಂತ ನನ್ನ ಅನುಭವ. ಗಾಡಿ ನಿಲ್ಲಿಸಿದ ಜಾಗಕ್ಕೇ ಮತ್ತೆ ಬರಬೇಕು ಅನ್ನುವ ಕಟ್ಟು ಇರುವುದಿಲ್ಲ. ಒಂದು ಊರಲ್ಲಿ ಇಳಿದು, ಇನ್ನೊಂದು ಊರಲ್ಲಿ ಹತ್ತಬಹುದು.

ಮೊದಲು ಕೊನೆ ಬಸ್ ಕೇಳಿ, ಆಮೇಲೆ ಊರು ಆರಿಸಿ

ಹೊಸಬರು ತಪ್ಪು ಮಾಡುವುದು ಇಲ್ಲೇ. ಹೋಗುವ ಬಸ್ ಎಷ್ಟೊತ್ತಿಗೆ ಅಂತ ಕೇಳುತ್ತಾರೆ, ಬರುವ ಬಸ್ ಕೇಳುವುದಿಲ್ಲ. ನಾನೂ ಮೊದಲ ವರ್ಷ ಹಾಗೇ ಮಾಡಿದೆ. ನದಿ ದಂಡೆಯ ಒಂದು ಹಳ್ಳಿಯಲ್ಲಿ ಸಂಜೆ ಐದೂವರೆಗೆ ಕಟ್ಟೆ ಮೇಲೆ ಬಂದು ಕೂತೆ. ಅಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಎಲ್ಲಿಗ್ ಹೊಂಟೀರಿ?" ಯಾದಗಿರಿಗೆ ಅಂದೆ. "ಬಸ್ ಹೋಗಿ ತಾಸಾತಲ್ರಿ. ಇನ್ ವಸ್ತಿ ಬಸ್ಸೇ ಬರೋದು." ವಸ್ತಿ ಬಸ್ ಅಂದರೆ ರಾತ್ರಿ ಹಳ್ಳಿಗೆ ಬಂದು, ಅಲ್ಲೇ ತಂಗಿ, ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಹೊರಡುವ ಬಸ್. ಅದು ಬರುವುದು ಊರಿಗೆ, ಆ ರಾತ್ರಿ ವಾಪಸ್ ಹೋಗುವುದಿಲ್ಲ. ಅವತ್ತು ಹಾಲಿನ ಗಾಡಿಯೊಂದು ಸಿಕ್ಕಿದ್ದರಿಂದ ಮನೆ ಮುಟ್ಟಿದೆ.

ಆದ್ದರಿಂದ ಈ ಕ್ರಮ ಇಟ್ಟುಕೊಳ್ಳಿ. ಹಿಂದಿನ ದಿನವೇ ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಣೆ ಕಿಟಕಿಯಲ್ಲಿ ಕೇಳಿ. ಯಾವ ಊರಿನಿಂದ ವಾಪಸ್ ಕೊನೆ ಬಸ್ ಎಷ್ಟೊತ್ತಿಗೆ, ಭಾನುವಾರ ಮತ್ತು ಹಬ್ಬದ ದಿನ ಅದು ಓಡುತ್ತದಾ, ಮಳೆ ಬಂದರೆ ಊರೊಳಗೆ ಬರುತ್ತದಾ ಅಥವಾ ಕ್ರಾಸ್‌ನಿಂದಲೇ ತಿರುಗುತ್ತದಾ. ಮರುದಿನ ಬಸ್ಸಿನಲ್ಲಿ ಟಿಕೆಟ್ ತೆಗೆಯುವಾಗ ಇದೇ ಪ್ರಶ್ನೆಯನ್ನು ಕಂಡಕ್ಟರ್‌ಗೆ ಮತ್ತೊಮ್ಮೆ ಕೇಳಿ. ಇಳಿದ ಮೇಲೆ ಕಟ್ಟೆ ಮೇಲೆ ಕೂತವರನ್ನು ಮೂರನೇ ಸಲ ಕೇಳಿ. ಮೂರೂ ಉತ್ತರ ಹೊಂದಿದರೆ ನಡೆಯಿರಿ. ಹೊಂದದಿದ್ದರೆ ಎಲ್ಲಕ್ಕಿಂತ ಬೇಗನೆ ಇರುವ ಹೊತ್ತನ್ನೇ ನಂಬಿ.

ಎರಡನೆಯ ಮಾತು. ಹೋಗುವಾಗ ಬಸ್ಸಿನಲ್ಲಿ ಒಳಗಿನ ಹಳ್ಳಿಗೆ ಹೋಗಿ, ನಡೆಯುವಾಗ ದೊಡ್ಡ ರಸ್ತೆ ಅಥವಾ ರೈಲು ಸ್ಟೇಷನ್ ಕಡೆಗೆ ಮುಖ ಮಾಡಿ. ಒಳಗಿನ ಹಳ್ಳಿಗೆ ದಿನಕ್ಕೆ ನಾಲ್ಕೈದು ಬಸ್ ಇದ್ದರೆ ಹೆಚ್ಚು. ದೊಡ್ಡ ರಸ್ತೆಯಲ್ಲಿ ಬಸ್ ತಪ್ಪಿದರೂ ಟಂಟಂ ಆಟೊ, ಕ್ರೂಸರ್ ಜೀಪು ಏನಾದರೂ ಸಿಗುತ್ತದೆ. ದಣಿವಾಗುತ್ತಾ ಹೋದಂತೆ ಗಾಡಿ ಸಿಗುವ ಜಾಗ ಹತ್ತಿರವಾಗುತ್ತಾ ಬರಬೇಕು, ದೂರವಾಗಬಾರದು.

ಹೆಣ್ಣುಮಕ್ಕಳಿಗೆ ಒಂದು ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲೂ ಉಚಿತ ಪ್ರಯಾಣವಿದೆ. ಆಧಾರ್ ಅಥವಾ ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಈ ಯೋಜನೆ ಬಂದ ಮೇಲೆ ನಮ್ಮ ಓಣಿಯ ಮೂವರು ಅಕ್ಕಂದಿರು ತಿಂಗಳಿಗೊಮ್ಮೆ ನಡೆಯಲು ಹೊರಡುತ್ತಾರೆ. ಮೊದಲು ದೇವಸ್ಥಾನ ಅಂತ ಹೋಗುತ್ತಿದ್ದರು. ಈಗ ದೇವಸ್ಥಾನ ಮುಗಿಸಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿಯೇ ಬರುತ್ತಾರೆ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ. ನವೆಂಬರ್‌ನಲ್ಲಿ ತೊಗರಿ ಹಳದಿ ಹೂ ಬಿಟ್ಟಿರುತ್ತದೆ. ಜನವರಿಯಲ್ಲಿ ರಾಶಿ ನಡೆದಿರುತ್ತದೆ. ಬಿಳಿಜೋಳ ಹಾಲುಗಾಳಿಗೆ ಬಂದಾಗ ಹೊಲದಲ್ಲಿ ತೆನೆ ಸುಟ್ಟು ಸೀತನಿ ಮಾಡುತ್ತಾರೆ. ಬಿಸಿ ಸೀತನಿಗೆ ಬೆಲ್ಲ, ಶೇಂಗಾ ಹಿಂಡಿ (ಚಟ್ನಿಪುಡಿ). ದಾರಿಯಲ್ಲಿ ಹೋಗುವವರನ್ನೂ ಕರೆದು ಕೊಡುತ್ತಾರೆ. ಬೇಡ ಅನ್ನಬೇಡಿ.

ಎಳ್ಳ ಅಮಾವಾಸ್ಯೆ ದಿನ ಬಿಡುವು ಸಿಕ್ಕರೆ ಅವತ್ತೇ ಹೋಗಿ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಭೂಮಿಗೆ ಪೂಜೆ ಮಾಡಿ ಹೊಲದಲ್ಲಿ ಚರಗ (ನೈವೇದ್ಯದ ಅಡುಗೆ) ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಹತ್ತಾರು ಕಾಯಿಪಲ್ಯ ಕಾಳು ಹಾಕಿ ಕುದಿಸಿದ ಭಜ್ಜಿ, ಅಂಬಲಿ. ಆದರೆ ಬಸ್ಸುಗಳು ತುಂಬಿರುತ್ತವೆ, ಮಧ್ಯಾಹ್ನದ ಮೇಲೆ ಸೀಟು ಸಿಗುವುದು ಕಷ್ಟ.

ಮಾರ್ಚ್ ಕಳೆದ ಮೇಲೆ ಬೇಡ. ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮರದ ನೆರಳು ಮೈಲಿಗೊಂದು ಸಿಕ್ಕರೆ ಪುಣ್ಯ. ನಡೆಯಲೇಬೇಕು ಅಂದರೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಮಳೆಗಾಲದಲ್ಲಿ ತೊಂದರೆ ಬೇರೆ. ಎರೆ ಮಣ್ಣು ಹಸಿಯಾದರೆ ಪಾದಕ್ಕೆ ಮೆತ್ತಿಕೊಂಡು ಹತ್ತು ಹೆಜ್ಜೆಗೆ ಕಾಲು ಎತ್ತಲಾಗುವುದಿಲ್ಲ. ಆಗ ಗುಡ್ಡದ ದಾರಿಗಳನ್ನು ಆರಿಸಿ, ಹೊಲದ ದಾರಿ ಬಿಡಿ.

ಚೀಲದಲ್ಲಿ ಏನಿರಬೇಕು

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಈ ಊಟ ಕೆಡುವುದಿಲ್ಲ, ಭಾರವಿಲ್ಲ, ಹೊಟ್ಟೆಗೂ ಹಿತ. ತಲೆಗೆ ಟವೆಲ್. ಪೂರ್ತಿ ಪಾದ ಮುಚ್ಚುವ ಬೂಟು, ಯಾಕಂದರೆ ಜಾಲಿ ಮುಳ್ಳು ಚಪ್ಪಲಿ ತೂರಿಕೊಂಡು ಬರುತ್ತದೆ. ಒಂದು ಕೋಲು. ಚಿಲ್ಲರೆ ದುಡ್ಡು. ಸಣ್ಣ ಬ್ಯಾಟರಿ. ಡಿಸೆಂಬರ್‌ನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ.

ಮೊದಲ ನಡಿಗೆ: ಕೋಟೆ ಗುಡ್ಡ

ಇದಕ್ಕೆ ಬಸ್ಸೂ ಬೇಡ. ಆದರೂ ಇದರಿಂದಲೇ ಶುರು ಮಾಡಿ. ಯಾದವಗಿರಿ ಅನ್ನುವ ಹೆಸರೇ ಯಾದಗಿರಿ ಆಯಿತು ಅನ್ನುತ್ತಾರೆ. ಸೂರ್ಯ ಹುಟ್ಟುವ ಮುಂಚೆ ಹತ್ತಲು ಶುರು ಮಾಡಿದರೆ ಬಿಸಿಲೇರುವ ಮೊದಲೇ ಇಳಿಯಬಹುದು. ಒಂದರೊಳಗೊಂದು ಕೋಟೆ ಗೋಡೆಗಳು, ಬಾಗಿಲುಗಳು, ಬಂಡೆಯಲ್ಲಿ ನೀರು ನಿಲ್ಲುವ ಹೊಂಡಗಳು, ಮೇಲೆ ಬುರುಜಿನಲ್ಲಿ ಫಿರಂಗಿ. ಮಂಗಗಳಿವೆ, ಕೈಯಲ್ಲಿ ತಿಂಡಿ ಹಿಡಿದು ಹೋಗಬೇಡಿ.

ಮೇಲಕ್ಕೆ ಬಂದ ಮೇಲೆ ಹತ್ತು ನಿಮಿಷ ಸುಮ್ನೆ ಕೂತು ಸುತ್ತ ನೋಡಿ. ಮುಂದಿನ ನಡಿಗೆಗಳ ನಕ್ಷೆ ಇಲ್ಲಿಂದಲೇ ಕಾಣುತ್ತದೆ. ಭೀಮೆ ಎತ್ತ ಬಳಸುತ್ತಾಳೆ, ಹಸಿರು ಭತ್ತದ ಗದ್ದೆ ಎಲ್ಲಿವೆ, ಕಪ್ಪು ಹೊಲ ಎಲ್ಲಿಂದ ಶುರು, ರೈಲು ಹಳಿ ಯಾವ ಕಡೆ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 860 ಕಿ.ಮೀ. ಹರಿಯುವ ನದಿ ಇದು. ನಮ್ಮ ಊರು ದಾಟಿದ ಸ್ವಲ್ಪ ದೂರದಲ್ಲೇ, ರಾಯಚೂರಿನ ಉತ್ತರಕ್ಕೆ, ಕೃಷ್ಣೆಯನ್ನು ಸೇರುತ್ತದೆ. ಅಂದರೆ ನಾವು ನೋಡುತ್ತಿರುವುದು ಪಯಣ ಮುಗಿಸುತ್ತಿರುವ ಭೀಮೆಯನ್ನು. ಅದಕ್ಕೇ ಇಲ್ಲಿ ಪಾತ್ರ ಅಷ್ಟು ಅಗಲ.

ಕೆಳಗಿಳಿದ ಮೇಲೆ ಬಿಸಿ ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಭಜಿ. ಇದನ್ನು ಬಿಟ್ಟರೆ ಕೋಟೆ ನಡಿಗೆ ಪೂರ್ತಿಯಾಗುವುದಿಲ್ಲ.

ಎರಡನೆಯದು: ಗುರುಸಣಗಿಯ ಕಡೆ ನದಿ ದಂಡೆ

ಊರಿಗೆ ಹತ್ತಿರದ ಗುರುಸಣಗಿಯಲ್ಲಿ ಭೀಮೆಗೆ ಸೇತುವೆ ಸಹಿತ ಬ್ಯಾರೇಜ್ ಕಟ್ಟಿದ್ದಾರೆ. ಆ ಕಡೆಗೆ ಹೋಗುವ ಬಸ್ ಅಥವಾ ಟಂಟಂ ಹತ್ತಿ, ಇಳಿದು, ಬ್ಯಾರೇಜ್ ನೋಡಿಕೊಂಡು ಊರಿನ ಕಡೆ ನಡೆದು ಬನ್ನಿ. ಅರ್ಧ ದಿನದ ಕೆಲಸ. ಮಕ್ಕಳೂ ನಡೆಯಬಹುದು. ಗದ್ದೆಗಳ ಬದು, ಪಂಪ್‌ಸೆಟ್ಟಿನ ಸದ್ದು, ಬಲೆ ಒಣಹಾಕಿದ ಮೀನುಗಾರರ ಗುಡಿಸಲು. ಬೆಳ್ಳಕ್ಕಿ, ಮಿಂಚುಳ್ಳಿ ಎಷ್ಟು ಬೇಕೋ ಅಷ್ಟು.

ಇಲ್ಲಿ ಎಚ್ಚರಿಕೆಯ ಮಾತು ಹೇಳಲೇಬೇಕು. ನೀರಿಗೆ ಇಳಿಯಬೇಡಿ. ಭೀಮೆಯಲ್ಲೂ ಕೃಷ್ಣೆಯಲ್ಲೂ ಮೊಸಳೆಗಳಿವೆ. ದಂಡೆ ಮೇಲೆ ಒಣಗಿದ ಮರದ ದಿಮ್ಮಿಯಂತೆ ಮಲಗಿರುತ್ತವೆ. ಎರಡನೆಯದು ಬಿಡುಗಡೆಯ ನೀರು. ನಮ್ಮಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ, ಅಫಜಲಪುರದ ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಹಾಗೇ ಏರಿ ದಂಡೆಯ ಹಳ್ಳಿಗಳೆಲ್ಲ ನೀರಲ್ಲಿ ನಿಂತಿದ್ದವು. ಜುಲೈನಿಂದ ಅಕ್ಟೋಬರ್‌ವರೆಗೆ ಪತ್ರಿಕೆಯಲ್ಲಿ "ನದಿ ತೀರದ ಜನ ಎಚ್ಚರದಿಂದಿರಬೇಕು" ಅಂತ ಕಂಡರೆ ಈ ನಡಿಗೆಯನ್ನು ಮುಂದಕ್ಕೆ ಹಾಕಿ.

ಮೂರನೆಯದು: ನಾಲವಾರದಲ್ಲಿ ಇಳಿದು ಸನ್ನತಿಗೆ

ಒಂದೇ ಒಂದು ಭಾನುವಾರ ಇದೆ, ಒಂದೇ ನಡಿಗೆ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಯಾದಗಿರಿಯಿಂದ ವಾಡಿ ಕಡೆ ಹೋಗುವ ಪ್ಯಾಸೆಂಜರ್ ಹತ್ತಿ. ಎಕ್ಸ್‌ಪ್ರೆಸ್‌ಗಳಲ್ಲಿ ಹೆಚ್ಚಿನವು ನಾಲವಾರದಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಮೊಬೈಲಲ್ಲಿ ನಿಲುಗಡೆ ನೋಡಿಕೊಂಡೇ ಟಿಕೆಟ್ ಮಾಡಿ. ರೈಲು ಹೊರಟ ಮೇಲೆ ಕಿಟಕಿ ಬಳಿ ಕೂತು ಕಲ್ಲುಗಳನ್ನು ಗಮನಿಸಿ. ಯಾದಗಿರಿ ಹತ್ತಿರ ದುಂಡು ದುಂಡು ಗ್ರಾನೈಟ್ ಬಂಡೆಗಳು. ವಾಡಿ ಕಡೆ ಹೋದಂತೆ ಅವು ಮಾಯವಾಗಿ, ಚಪ್ಪಟೆ ಪದರದ ಸುಣ್ಣದ ಕಲ್ಲು ಶುರುವಾಗುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದೇ. ಇಲ್ಲಿ ಗೋಡೆಗೂ ಅದೇ, ಕಟ್ಟೆಗೂ ಅದೇ. ಈ ಕಲ್ಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಲವಾರ ಸ್ಟೇಷನ್‌ನಿಂದ ಸನ್ನತಿ ಸುಮಾರು 20 ಕಿ.ಮೀ. ಅಷ್ಟೂ ನಡೆಯುವುದು ಬೇಡ. ಬಸ್ ಅಥವಾ ಟಂಟಂನಲ್ಲಿ ಹೋಗಿ. ಟಂಟಂ ತುಂಬುವವರೆಗೆ ಹೊರಡುವುದಿಲ್ಲ, ಆ ಅರ್ಧ ತಾಸನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾಲ್ವರಿದ್ದರೆ ಮಾತಾಡಿ ಪೂರ್ತಿ ಗಾಡಿ ಮಾಡಿಕೊಳ್ಳುವುದೇ ಮೇಲು. ಇಳಿಯುವಾಗಲೇ ವಾಪಸ್ ಬರುವ ಹೊತ್ತನ್ನು ಅದೇ ಡ್ರೈವರ್‌ಗೆ ಹೇಳಿಬಿಡಿ.

ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನ ಭೀಮೆಯ ದಂಡೆ ಮೇಲೆಯೇ ಇದೆ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಎಷ್ಟೋ ಮನೆತನಗಳಿಗೆ ಈಕೆ ಕುಲದೇವಿ. ಇದೇ ಆವರಣದ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿಯಿತು. ಕಲ್ಲು ಮಣ್ಣು ಸರಿಸಿ ನೋಡಿದಾಗ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಕ್ಷರಗಳು ಕಂಡವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಅಶೋಕನ ಶಾಸನ. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತು ಪೂಜೆಗೊಳ್ಳುವ ಮೂರ್ತಿಯ ಅಡಿಯಲ್ಲಿ ಯಾರಿಗೂ ಕಾಣದೆ ಕೂತಿತ್ತು. ಮೂರ್ತಿ ನಿಲ್ಲಿಸಲು ಯಾರೋ ಆ ಚಪ್ಪಡಿಯ ನಡುವೆ ತೂತು ಕೊರೆದಿದ್ದರು. ಆ ಜಾಗದ ಅಕ್ಷರಗಳು ಹೋಗೇ ಹೋದವು. ಅದನ್ನು ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಪೀಠವಾಗಿ ಬಳಕೆಯಲ್ಲಿ ಇದ್ದುದರಿಂದಲೇ ಆ ಕಲ್ಲು ಉಳಿಯಿತು ಅಂತಲೂ ಅನಿಸುತ್ತದೆ.

ನಡಿಗೆ ಶುರುವಾಗುವುದು ಇಲ್ಲಿಂದ. ಸನ್ನತಿಯಿಂದ ಕನಗನಹಳ್ಳಿಯ ಸ್ತೂಪದ ಜಾಗಕ್ಕೆ ಸುಮಾರು 3 ಕಿ.ಮೀ. ದಾರಿ ಕೇಳುವಾಗ "ಸ್ತೂಪ" ಅಂದರೂ "ಬುದ್ಧನ ಜಾಗ" ಅಂದರೂ ತೋರಿಸುತ್ತಾರೆ. ದಾರಿ ಸಮತಟ್ಟು, ಹೊಲಗಳ ನಡುವೆ, ನದಿ ಒಮ್ಮೆ ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ. ನೆರಳು ಕಡಿಮೆ. ಬೆಳಿಗ್ಗೆ ಹತ್ತರೊಳಗೆ ಮುಟ್ಟುವ ಹಾಗೆ ಹೊರಡಿ.

ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅಲ್ಲಿಯ ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಸ್ತೂಪದ ಸುತ್ತ ಹೊದಿಸಿದ್ದ ಕೆತ್ತನೆಯ ಚಪ್ಪಡಿಗಳಲ್ಲಿ ಒಂದರಲ್ಲಿ ರಾಜ, ರಾಣಿ, ಛತ್ರ ಚಾಮರ ಹಿಡಿದ ಹೆಂಗಸರು. ಜೊತೆಗೆ ಬರಹ: "ರಾಯ ಅಸೋಕೋ", ಅಂದರೆ ರಾಜ ಅಶೋಕ. ಹೆಸರು ಬರೆದ ಅಶೋಕನ ಚಿತ್ರ ಸಿಕ್ಕಿದ್ದು ನಮ್ಮ ಭೀಮೆಯ ದಂಡೆಯಲ್ಲಿ. ಸಾತವಾಹನ ರಾಜರನ್ನೂ ಹೀಗೆ ಹೆಸರಿನ ಸಮೇತ ಕೆತ್ತಿದ್ದಾರೆ. ಕೆತ್ತಿರುವುದು ಯಾವ ಕಲ್ಲಿನಲ್ಲಿ ಗೊತ್ತಾ? ರೈಲಿನ ಕಿಟಕಿಯಿಂದ ನೋಡಿದಿರಲ್ಲ, ಆ ಜಾತಿಯ ಸುಣ್ಣದ ಕಲ್ಲಿನಲ್ಲೇ. ಕಾರಿನಲ್ಲಿ ನೇರ ಬಂದು ಇಳಿದವರಿಗೆ ಈ ನಂಟು ಹೊಳೆಯುವುದು ಕಷ್ಟ.

ಇಲ್ಲಿ ಚಪ್ಪಡಿ ಮುಟ್ಟಬೇಡಿ, ಮೇಲೆ ಕೂರಬೇಡಿ, ಚೂರು ಕಲ್ಲನ್ನೂ ಚೀಲಕ್ಕೆ ಹಾಕಬೇಡಿ. ಫೋಟೋ ತೆಗೆಯುವ ಮೊದಲು ಅಲ್ಲಿರುವ ಕಾವಲುಗಾರರನ್ನು ಕೇಳಿ. ಹತ್ತಿರ ಹೋಟೆಲ್ ಇರುತ್ತದೆ ಅಂತ ನೆಚ್ಚಿಕೊಳ್ಳಬೇಡಿ, ರೊಟ್ಟಿ ಗಂಟು ಬಿಚ್ಚುವ ಜಾಗ ಇದೇ. ಊಟ ಮಾಡಿ, ಬಂದ ದಾರಿಯಲ್ಲೇ ಸನ್ನತಿಗೆ ಹಿಂತಿರುಗಿ, ಅಲ್ಲಿಯ ಬ್ಯಾರೇಜ್ ಕಡೆ ಹೊಳೆ ನೋಡಿ, ಮೂರು ಗಂಟೆ ಹೊತ್ತಿಗೆ ನಾಲವಾರದ ದಾರಿ ಹಿಡಿಯಿರಿ. ರೈಲು ತಡವಾದರೆ ಬೇಸರ ಬೇಡ. ಸಂಜೆ ಹೊತ್ತು ಸಣ್ಣ ಸ್ಟೇಷನ್ನಿನ ಕಲ್ಲು ಬೆಂಚು ತುಂಬಾ ಹಿತವಾಗಿರುತ್ತದೆ.

ಇನ್ನು ಉಳಿದವು

ಮೈಲಾಪುರ. ಬಂಡೆಗುಡ್ಡದ ಗುಹೆಯಲ್ಲಿ ಮೈಲಾರಲಿಂಗನ ಗುಡಿ, ಕೆಳಗೆ ಹೊನ್ನಕೆರೆ. ಯಾದಗಿರಿಯಿಂದ ಬಸ್ಸಿದೆ. ಕೆರೆ ಏರಿಯ ಮೇಲೆ ನಡೆದು ಗುಡ್ಡದ ಬುಡ ಸುತ್ತಬಹುದು. ಸಂಕ್ರಾಂತಿಯ ಜಾತ್ರೆಯಲ್ಲಿ ಭಂಡಾರದ ಹಳದಿಯಲ್ಲಿ ಗುಡ್ಡವೇ ಮುಳುಗಿರುತ್ತದೆ, ಜನ ಜಾಸ್ತಿ. ಜಾತ್ರೆಗೆ ಬೇಕಾದರೆ ಹೋಗಿ, ನಡಿಗೆಗೆ ಬೇರೆ ದಿನ ಇಟ್ಟುಕೊಳ್ಳಿ.

ಶಹಾಪುರ. ಭೀಮೆಯ ಸೇತುವೆ ದಾಟಿ ಸುಮಾರು 35 ಕಿ.ಮೀ. ಬಸ್ಸು ಎಷ್ಟೊತ್ತಿಗೂ ಸಿಗುತ್ತದೆ, ಆದ್ದರಿಂದ ಒಬ್ಬರೇ ಹೋಗುವವರಿಗೆ ಒಳ್ಳೆಯದು. ಊರ ಹೊರಗಿನಿಂದ ನೋಡಿದರೆ ಗುಡ್ಡಗಳ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲ ಸ್ಪಷ್ಟ. ಸಂಜೆ ಬೆಳಕಲ್ಲಿ ಇನ್ನೂ ಚೆನ್ನ. ಗುಡ್ಡದ ಮೇಲೆ ಹತ್ತಿದರೆ ಆ ರೂಪ ಕಾಣುವುದಿಲ್ಲ, ದೂರದಿಂದಲೇ ನೋಡುತ್ತಾ ನಡೆಯಬೇಕು.

ಬೋನಾಳ ಕೆರೆ. ಶಹಾಪುರ ದಾಟಿ ಸುರಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಗಾಡಿ. ಸುರಪುರದ ನಾಯಕರ ಕಾಲದ ಕೆರೆ ಇದು. ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಬಣ್ಣದ ಕೊಕ್ಕರೆ, ದೂರದಿಂದ ಬಂದ ಪಟ್ಟೆತಲೆ ಹೆಬ್ಬಾತು ನೋಡಬಹುದು. ಒಂದೇ ದಿನದಲ್ಲಿ ಹೋಗಿಬರಲು ಮೊದಲ ಬಸ್ಸೇ ಹಿಡಿಯಬೇಕು. ಹಿಂದಿನ ರಾತ್ರಿ ಸುರಪುರದಲ್ಲಿ ಉಳಿದು ನಸುಕಿನಲ್ಲಿ ಹೋಗುವುದು ನನಗೆ ಸರಿ ಅನಿಸುತ್ತದೆ. ಹಕ್ಕಿ ನೋಡುವವರಿಗೆ ಬೆಳಿಗ್ಗೆಯ ಎರಡು ತಾಸೇ ಮುಖ್ಯ, ಅಲ್ವಾ.

ಗುರುಮಠಕಲ್ ಕಡೆಯ ನಜರಾಪುರದ ದಬದಬಿ ಜಲಪಾತ. ಮಳೆಗಾಲದಲ್ಲಿ ಮಾತ್ರ. ಬಂಡೆ ಜಾರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಕೈ ಬಿಡಬೇಡಿ, ನೀರಿನ ಅಂಚಿಗೆ ಹೋಗಿ ಫೋಟೋ ಬೇಡ.

ಹೊಲದಲ್ಲಿ ನಡೆಯುವ ರೀತಿ

ಹೊಲಗಳಿಗೆ ಬೇಲಿ ಇಲ್ಲ ಅಂದ ಮಾತ್ರಕ್ಕೆ ಅದು ದಾರಿಯಲ್ಲ. ಬಂಡಿದಾರಿ, ಬದು, ಕಾಲುವೆ ಏರಿ, ಇಷ್ಟರಲ್ಲೇ ನಡೆಯಿರಿ. ಬಿತ್ತಿದ ಸಾಲು ತುಳಿಯಬೇಡಿ. ಹೊಲದವರು ಕಂಡರೆ ನೀವೇ ಮೊದಲು ಮಾತಾಡಿಸಿ: "ಕಾಕಾ, ಈ ದಾರಿ ಊರಿಗ್ ಹೋಗ್ತದೇನ್ರಿ?" ಸುಮ್ನೆ ನಡೆಯೋಕೆ ಬಂದಿದ್ದೀವಿ ಅಂದರೆ ಮೊದಲು ನಂಬುವುದಿಲ್ಲ. ಜಮೀನು ಅಳೆಯಲು ಬಂದವರು ಅಂದುಕೊಳ್ಳುತ್ತಾರೆ. ಊರ ಹೆಸರು, ಯಾರ ಪೈಕಿ ಅಂತ ಹೇಳಿದ ಮೇಲೆ ನೀರು ಕೊಡುತ್ತಾರೆ, ಕೂರಿಸುತ್ತಾರೆ. ಒಂದು ಮಾರ್ಚ್‌ನಲ್ಲಿ ನನ್ನ ನೀರು ಖಾಲಿಯಾದಾಗ ಹೊಲದ ಗುಡಿಸಲಿನ ಅವ್ವ ಒಬ್ಬರು ತಂಬಿಗೆ ತುಂಬ ಮಜ್ಜಿಗೆ ಕೊಟ್ಟು, "ಈ ಬಿಸ್ಲಾಗ ಯಾರರ ಬರ್ತಾರೇನಪ್ಪ" ಅಂತ ಬೈದು ಕಳಿಸಿದ್ದರು. ಅವರು ಬೈದಿದ್ದು ಸರಿಯೇ ಇತ್ತು.

ನಾಯಿ ಬೊಗಳಿದರೆ ಓಡಬೇಡಿ. ನಿಂತು, ಕೋಲು ನೆಲಕ್ಕೆ ಊರಿ, ಮನೆಯವರನ್ನು ಕೂಗಿ. ಬದುವಿನ ಹುಲ್ಲಿನಲ್ಲಿ ಹಾವಿರುತ್ತವೆ, ಕೊಳಕುಮಂಡಲವೂ ಉಂಟು. ಕೋಲು ತಟ್ಟುತ್ತಾ ನಡೆಯಿರಿ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೊರಡುವ ಮುನ್ನ ಮನೆಯಲ್ಲಿ ಯಾವ ಊರಲ್ಲಿ ಇಳಿದು ಯಾವ ಊರಲ್ಲಿ ಹತ್ತುತ್ತೀರಿ ಅಂತ ಹೇಳಿ ಹೋಗಿ. ಹೊಳೆ ಪಕ್ಕ ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ.

ಕೊನೆಗೆ ಒಂದು ಸಣ್ಣ ಕೆಲಸ. ಒಂದು ಕಿಸೆ ಪುಸ್ತಕ ಇಟ್ಟುಕೊಳ್ಳಿ. ಪ್ರತಿ ಸಲ ಬಂದ ಮೇಲೆ ನಾಲ್ಕು ಸಾಲು ಬರೆಯಿರಿ: ಯಾವ ಬಸ್ಸು, ಎಷ್ಟೊತ್ತಿಗೆ ನಿಜವಾಗಿ ಬಂತು, ಕುಡಿಯುವ ನೀರು ಎಲ್ಲಿ ಸಿಕ್ಕಿತು, ಎಲ್ಲಿ ಮರದ ನೆರಳಿತ್ತು. ನನ್ನ ಪುಸ್ತಕದಲ್ಲಿ ಈಗ ಎಪ್ಪತ್ತು ಪುಟ ತುಂಬಿವೆ. ಓಣಿಯ ಅಕ್ಕಂದಿರು ಹೊರಡುವ ಹಿಂದಿನ ಸಂಜೆ ಅದನ್ನು ಕೇಳಿ ಒಯ್ಯುತ್ತಾರೆ. ವಾಪಸ್ ಕೊಡುವಾಗ ತಮ್ಮ ನಾಲ್ಕು ಸಾಲನ್ನೂ ಬರೆದಿರುತ್ತಾರೆ.